‘ಮುಗಿದಿದೆ’ ಎಂಬ ಖಾಲಿ ಕಾಲಂ

ಫೆಬ್ರವರಿ 6, ಸಂಜೆ

...ಇಲ್ಲ, ಎಂಜಿನ್ನು ಮರದ ಗುಂಪಿಗೆ ಸೇರುವುದು ಸಾಧ್ಯವೇ ಇಲ್ಲ. ನಿನ್ನೆಯೂ ರಬಾಬಳಿಗೆ ಅದನ್ನೇ ಹೇಳಿದ್ದೆ. ಎಂಜಿನ್ ಕೂರುವುದು ಮರದ ಮೇಲೆ, ನಿಜ. ಹಾಗಂತ ಮರದ ಜೊತೆ ಹಾಕಿದರೆ ನಾಳೆ ಬಣ್ಣವನ್ನೂ ಮರ ಅನ್ನಬೇಕಾಗುತ್ತದೆ. ಕಾಲೇಜಿನಲ್ಲಿ ತರ್ಕಶಾಸ್ತ್ರದ ಪ್ರೊಫೆಸರ್ ಒಬ್ಬರು ಇಂಗ್ಲಿಷಿನಲ್ಲಿ ಕೆಟಗರಿ, ಕೆಟಗರಿ ಎಂದು ಮೇಜು ಕುಟ್ಟುತ್ತಿದ್ದರು. ಒಟ್ಟು ಎಷ್ಟು ಕೆಟಗರಿ ಎಂದಿದ್ದರು... ಮರೆತಿದೆ. ಮೇಜಿನ ಸದ್ದು ಮಾತ್ರ ಉಳಿದಿದೆ.

ಈ ವಯಸ್ಸಿನಲ್ಲಿ ದೋಣಿಯಂಗಳದಲ್ಲಿ ಕೂತು ಕಂಪ್ಯೂಟರಿನ ಪರದೆ ನೋಡುವುದು ನನ್ನ ಯೋಚನೆಯಲ್ಲಿ ಇರಲಿಲ್ಲ. ಇದು ಹಾಜಿ ಬಸ್ಯೂನಿಯ ಏರ್ಪಾಟು. ತೀರಿಕೊಂಡ ನನ್ನ ಹೆಂಡತಿ ಇನಾಯತಳ ಅಣ್ಣ, ನನ್ನ ಭಾವ. ‘ಹಿಲ್ಮಿ, ಹುಡುಗಿ ಗಂಡಸರ ಮಧ್ಯೆ ಕೂತಿರ್ತಾಳೆ. ನೀನು ಪಕ್ಕದಲ್ಲಿರು. ಇಂಗ್ಲಿಷೂ ಬರತ್ತೆ, ಕೆಲಸವೂ ಇಲ್ಲ’ ಎಂದ. ಎರಡನೆಯದು ನಿಜ.

ಹುಡುಗಿ ಅಂದರೆ ಅವನ ಮಗಳು ರಬಾಬ್. ಮೂವತ್ತು ದಾಟಿದೆ. ಅನ್ಫೂಶಿ ಕಡಲದಂಡೆಯ ಈ ದೋಣಿಯಂಗಳಗಳ ಸಾಲಿನಲ್ಲಿ ಅಂಗಳ ನಡೆಸುತ್ತೇನೆ ಎಂದು ಹೊರಟ ಮೊದಲ ಹೆಣ್ಣು. ಕೈರೋದ ಒಂದು ಹೋಟೆಲ್ ಕಂಪನಿಯಿಂದ ಮರದ ದೋಣಿಯೊಂದರ ಆರ್ಡರ್ ಹಿಡಿದು ತಂದಿದ್ದಾಳೆ. ಮತ್ರೂಹ್‌ನ ಕಡಲತೀರದಲ್ಲಿ ಅತಿಥಿಗಳನ್ನು ಸುತ್ತಾಡಿಸುವ ದೋಣಿ. ಪಕ್ಕೆಲುಬಿನವರೆಗೆ ಆಗಲೇ ಎದ್ದಿದೆ. ಕಂಪನಿಯವರ ಷರತ್ತು ಒಂದೇ. ಕೆಲಸವೆಲ್ಲ ಅವರ ಸಾಫ್ಟ್‌ವೇರಿನಲ್ಲಿ ಕಾಣಬೇಕು. ಒಂದೊಂದು ಕೆಲಸಕ್ಕೆ ಒಂದು ಕಾರ್ಡು. ಕಾರ್ಡುಗಳಿಗೆ ಮೂರು ಕಾಲಂ: ಮಾಡಬೇಕು, ನಡೆಯುತ್ತಿದೆ, ಮುಗಿದಿದೆ. ಅವರು ಕೈರೋದಲ್ಲಿ ಕೂತು ನೋಡುತ್ತಾರಂತೆ.

ಕೆಲಸಗಳನ್ನು ಯಾವ ಗುಂಪಿಗೆ ಹಾಕುವುದೆಂದು ಇನ್ನೂ ತೀರ್ಮಾನವಾಗಿಲ್ಲ. ಬೆನ್ನು ನೋಯುತ್ತಿದೆ. ನಾಳೆ ದಿಂಬು ಒಯ್ಯಬೇಕು.

ಫೆಬ್ರವರಿ 8

ಇಂದು ಎಲ್ಲರನ್ನೂ ಕೇಳಿದೆವು. ಕೇಳಬಾರದಿತ್ತು.

ದರ್ವೀಶ್ ಮೇಸ್ತ್ರಿ—ಇಡೀ ಅಂಗಳದ ಬಡಗಿಗಳಿಗೆ ಹಿರಿಯ—ಬಾಚಿ ಕೆಳಗಿಡದೆ ಹೇಳಿದ: ‘ಮರ, ಕಬ್ಬಿಣ ಅಂತೆಲ್ಲ ಯಾಕೆ? ಮನುಷ್ಯರ ಹೆಸರು ಹಾಕಿ. ದರ್ವೀಶನ ಕೆಲಸ, ಖಮೀಸನ ಕೆಲಸ. ತಪ್ಪಾದರೆ ಯಾರಿಗೆ ಬಯ್ಯಬೇಕು ಅಂತ ಗೊತ್ತಾಗತ್ತೆ. ಮರಕ್ಕೆ ಬೈದರೆ ಅದು ಕೇಳತ್ತಾ?’

ಎಂಜಿನ್ನಿನ ಖಮೀಸ್ ಅಲ್ಲಿಂದಲೇ, ‘ಹೌದು, ಎಂಜಿನ್ನಿಗೆ ಬೈದರೆ ಅದು ಕೇಳತ್ತೆ. ನನ್ನ ಹೆಂಡತಿಯ ಅಪ್ಪನ ಹಾಗೆ ನಾಲ್ಕು ದಿನ ಮಾತು ಬಿಡತ್ತೆ’ ಎಂದ.

ಹಾಜಿ ಚಹಾ ಹೀರುತ್ತಿದ್ದವನು: ‘ಎರಡೇ ಗುಂಪು ಸಾಕು. ನಾನು ನೋಡಿದ್ದು, ನಾನು ನೋಡದೇ ಇರೋದು.’

‘ಅಪ್ಪ, ಈ ಅಂಗಳದಲ್ಲಿ ನೀವು ನೋಡದೇ ಇರೋದು ಏನಿದೆ?’

‘ಅದಕ್ಕೇ ಒಂದು ಗುಂಪು ಖಾಲಿ ಇರತ್ತೆ. ನಿನಗೂ ಕೆಲಸ ಕಮ್ಮಿ.’

ಊಟಕ್ಕೆ ಬೇಯಿಸಿದ ಅವರೆ, ಈರುಳ್ಳಿ, ಬಿಸಿ ರೊಟ್ಟಿ. ಈರುಳ್ಳಿ ತಿನ್ನಬಾರದಿತ್ತು.

ಫೆಬ್ರವರಿ 10

ಇಂಗ್ಲಿಷಿನ ದೊಡ್ಡ ಪದವೊಂದು ಇದ್ದಕ್ಕಿದ್ದಂತೆ ನೆನಪಾಯಿತು. ಮಿಸಲೇನಿಯಸ್. ಎಲ್ಲಾ ಅಕ್ಷರ ಸರಿಯಾಗಿ, ಒಂದೇ ಏಟಿಗೆ ಬರೆದೆ. ಆ ಖುಷಿಯಲ್ಲಿ ಆ ಹೆಸರಿನ ಒಂದು ಗುಂಪು ಮಾಡಿ ಕಾರ್ಡು ಹಾಕುತ್ತಾ ಹೋದೆ. ಮಧ್ಯಾಹ್ನದ ಹೊತ್ತಿಗೆ ಅರ್ಧ ದೋಣಿ ಅದರೊಳಗೆ ಹೋಗಿತ್ತು.

ರಬಾಬ್ ಬಂದು ನೋಡಿದಳು. ನಗಲಿಲ್ಲ, ಒಳ್ಳೆಯ ಹುಡುಗಿ. ‘ಮಾವ, ಚುಕ್ಕಾಣಿ ಇತರೆ ಅಲ್ಲ’ ಎಂದಳು.

ಅಲ್ಲ. ಒಪ್ಪಿದೆ.

ಆಮೇಲೆ ಅವಳೇ ದಾರಿ ಕಂಡುಕೊಂಡಳು. ಕೆಲಸ ಎಲ್ಲಿಗೆ ಬಂದಿದೆ ಎಂಬುದಕ್ಕೆ ಕಾಲಂ. ಅದು ಎಂಥ ಕೆಲಸ ಎಂಬುದಕ್ಕೆ ಬಣ್ಣದ ಲೇಬಲ್. ಮರಕ್ಕೆ ಕಂದು, ಹಲಗೆಯ ಸಂದಿಗೆ ಹತ್ತಿ ತುಂಬುವುದಕ್ಕೆ ಹಳದಿ, ಎಂಜಿನ್ನಿಗೆ ಕೆಂಪು, ಬಣ್ಣ ಹೊಡೆಯುವುದಕ್ಕೆ ಹಸಿರು, ಬಂದರು ಕಚೇರಿಯ ಕಾಗದಪತ್ರಕ್ಕೆ ಬಿಳಿ. ಯಾರ ಕೆಲಸವೋ ಅವರ ಹೆಸರು ಕಾರ್ಡಿನ ಮೂಲೆಯಲ್ಲಿ. ದರ್ವೀಶನಿಗೂ ಸಮಾಧಾನ, ನನಗೂ ಸಮಾಧಾನ. ಬಿಳಿ ಲೇಬಲ್ ನನ್ನದು. ಬಂದರಿನ ಪರವಾನಗಿ ಕಾಗದ ನಾನೇ ಮಾಡಿಸಬೇಕು.

ಎಲ್ಲರ ಫೋನಿಗೂ ಹಾಕಿಕೊಟ್ಟಳು. ಕಾರ್ಡನ್ನು ಬೆರಳಲ್ಲಿ ಒತ್ತಿ ಹಿಡಿದು ಮುಂದಿನ ಕಾಲಂಗೆ ಎಳೆಯುವುದು. ದರ್ವೀಶನ ಹೆಬ್ಬೆರಳು ಪರದೆಗಿಂತ ಅಗಲ, ಆದರೂ ಬಂತು.

ಫೆಬ್ರವರಿ 19

ಎಷ್ಟೋ ದಿನ ಬರೆಯಲಿಲ್ಲ. ಬಿರುಗಾಳಿ, ಮಳೆ, ಕೆಮ್ಮು. ಕಿಟಕಿಯ ಸಂದಿಗೆ ಬಟ್ಟೆ ತುರುಕಿ ಮಲಗಿದ್ದೆ. ರಬಾಬ್ ಎರಡು ಸಲ ನಿಂಬೆರಸದ ಸೋಪು ಕಳಿಸಿದಳು. ತಪ್ಪು—ಸೂಪು. ಕನ್ನಡಕ ಒರೆಸಬೇಕು.

ಅಂಗಳಕ್ಕೆ ಹೋದೆ. ದೋಣಿ ನೋಡಿ ಸುಮ್ಮನೆ ನಿಂತುಬಿಟ್ಟೆ. ಪಕ್ಕೆಲುಬುಗಳೆಲ್ಲ ಮುಚ್ಚಿ ಹಲಗೆ ಬಿಗಿದಾಗಿದೆ. ಮೂತಿ ಸಮುದ್ರದ ಕಡೆ ಎತ್ತಿಕೊಂಡು ನಿಂತಿದೆ.

ಫೆಬ್ರವರಿ 24

ಕೈರೋದ ಇಂಜಿನಿಯರ್ ನಬೀಹ್ ಫೋನ್ ಮಾಡಿದ್ದ. ರಬಾಬ್ ಸ್ಪೀಕರ್ ಹಾಕಿದಳು. ಒಳ್ಳೆಯ ಮಾತುಗಾರ, ಬೇಸರದಲ್ಲಿದ್ದ.

‘ಮೇಡಂ, ನನ್ನ ಪರದೆಯಲ್ಲಿ ನಿಮ್ಮ ದೋಣಿ ಇನ್ನೂ ಹುಟ್ಟೇ ಇಲ್ಲ.’

‘ಫೋಟೋ ಕಳಿಸಿದ್ದೀನಲ್ಲ ಸರ್?’

‘ಮೇಲಿನವರು ಫೋಟೋ ನೋಡಲ್ಲ. ಶೇಕಡಾ ನೋಡ್ತಾರೆ. ಮುಗಿದಿದೆ ಅನ್ನೋ ಕಾಲಂನಲ್ಲಿ ಒಂದು ಕಾರ್ಡೂ ಇಲ್ಲ. ಸೊನ್ನೆ ಕಾಣ್ತಿದೆ.’

ನಾವಿಬ್ಬರೂ ಪರದೆ ನೋಡಿದೆವು. ಹೌದು. ಕಂದು, ಹಳದಿ, ಕೆಂಪು ಎಲ್ಲ ನಡುವಿನ ಕಾಲಂನಲ್ಲಿ ಬಸ್ಸಿಗೆ ಕಾಯುವವರ ಹಾಗೆ ಗುಂಪುಗೂಡಿದ್ದವು. ಬಲಗಡೆ ಖಾಲಿ.

ಮಾರ್ಚ್ ಮೊದಲ ವಾರದೊಳಗೆ ಪರದೆ ಸರಿಹೋಗದಿದ್ದರೆ ಎರಡನೆಯ ದೋಣಿಯ ಆರ್ಡರ್ ಫೈಬರ್ ದೋಣಿ ಮಾಡುವವರಿಗೆ ಹೋಗುತ್ತದಂತೆ. ಬೆದರಿಕೆಯಲ್ಲ, ಮಾಹಿತಿ ಎಂದ.

ಹಾಜಿ ಎಲ್ಲರೆದುರೇ ಹೇಳಿದ್ದಾನೆ: ಇದೊಂದು ದೋಣಿ ಅವಳಿಗೆ. ಸರಿಹೋದರೆ ಅಂಗಳ ಅವಳದು. ಇಲ್ಲದಿದ್ದರೆ ತಮ್ಮನ ಮಗ ಸಾಮೆಹ್ ಬಂದು ಕೂರುತ್ತಾನೆ. ಅವನು ಆಗಲೇ ಒಂದು ಸಲ ಬಂದು, ಫೈಬರ್ ಅಚ್ಚು ಎಲ್ಲಿಡಬಹುದು ಎಂದು ಹೆಜ್ಜೆ ಹಾಕಿ ಅಳೆದು ಹೋಗಿದ್ದಾನೆ. ದರ್ವೀಶನ ಬೆಂಚಿನ ಜಾಗದಲ್ಲಿ.

ಫೆಬ್ರವರಿ 25

ಬೆರಳಾಡಿಸುವುದು ಮರೆತಿದ್ದಾರೆ ಎಂದುಕೊಂಡು ಮತ್ತೊಮ್ಮೆ ಪಾಠ ಮಾಡಲು ಹೋದೆ. ಖಮೀಸ್ ಎಂಜಿನ್ನಿನ ಪಕ್ಕ ಮಲಗಿ ಏನೋ ಬಿಗಿಯುತ್ತಿದ್ದ.

‘ಹೀಗೆ ಒತ್ತಿ ಹಿಡಿ, ಆಮೇಲೆ ಎಳಿ.’

‘ಗೊತ್ತು ಉಸ್ತಾದ್.’

‘ಮತ್ತೆ ಎಳೆದಿಲ್ಲ?’

‘ಎಳೀತೀನಿ.’

‘ಎಂಜಿನ್ ಕೂರಿಸಿ ಆಯ್ತಲ್ಲ?’

ಅವನು ಎದ್ದು ಕೂತು, ಅಕ್ಕಪಕ್ಕ ನೋಡಿ, ‘ಏನೋ... ನಡೀತಿದೆ’ ಎಂದ.

ಆಗ ಹೊಳೆಯಿತು. ಎಂಥ ದಡ್ಡ ನಾನು. ಇಲ್ಲಿ ಯಾವ ಬಡಗಿ ತಾನೇ ನೀರು ಮುಟ್ಟದ ದೋಣಿಯನ್ನು ಮುಗಿಯಿತು ಎನ್ನುತ್ತಾನೆ? ದೃಷ್ಟಿ ತಾಗುವುದಿಲ್ಲವೇ? ಅದೂ ಕೈರೋದಲ್ಲಿ ಕೂತ, ಹೆಸರು ಗೊತ್ತಿಲ್ಲದ ಎಷ್ಟೋ ಜನ ನೋಡುವ ಪರದೆಯ ಮೇಲೆ. ಇನಾಯತ್ ಇದ್ದಾಗ, ನಾನು ಗುಂಡುಕಲ್ಲಿನ ಹಾಗಿದ್ದ ವರ್ಷಗಳಲ್ಲೂ, ಪಕ್ಕದ ಮನೆಯವರು ವಿಚಾರಿಸಿದರೆ ‘ಏನೋ ಇದ್ದಾರೆ ಪಾಪ’ ಎನ್ನುತ್ತಿದ್ದಳು. ನಾನು ಒಳಗೆ ಕೂತು ಮೀನು ತಿನ್ನುತ್ತಿರುತ್ತಿದ್ದೆ.

ರಬಾಬಳಿಗೆ ಹೇಳೋಣವೆಂದು ಬಂದೆ. ಹೇಳುವ ಮೊದಲು ಪರದೆಯಲ್ಲಿ ಬಿಳಿ ಲೇಬಲ್ ಕಣ್ಣಿಗೆ ಬಿತ್ತು. ಬಂದರಿನ ಪರವಾನಗಿ. ಮೊಹರು ಬಿದ್ದು ಕಪಾಟಿನಲ್ಲಿದೆ, ನಾನೇ ಇಟ್ಟಿದ್ದು. ಕಾರ್ಡು ಮಾತ್ರ ನಡುವಿನ ಕಾಲಂನಲ್ಲಿ.

ಫೆಬ್ರವರಿ 27

ರಬಾಬ್ ನಾಲ್ಕನೆಯ ಕಾಲಂ ಮಾಡಿದಳು. ಹೆಸರು ‘ನೀರು ಮುಟ್ಟಬೇಕು’. ಸೊಗಸಾದ ಉಪಾಯ. ಒಂದು ಗಂಟೆಯೊಳಗೆ ಕಾರ್ಡುಗಳೆಲ್ಲ ತಾವಾಗಿ ಅಲ್ಲಿಗೆ ಹೋದವು, ಯಾರೂ ಹೇಳಲೇ ಬೇಕಾಗಲಿಲ್ಲ. ಖಮೀಸ್ ಅಂತೂ ಇನ್ನೂ ಶುರುಮಾಡದ್ದನ್ನೂ ಒಂದು ಹಾಕಿದ್ದ.

ಇಂಜಿನಿಯರ್ ನಬೀಹ್ ನೋಡಿ, ‘ಚೆನ್ನಾಗಿದೆ ಮೇಡಂ. ಆದರೆ ಅದಕ್ಕೆ ಶೇಕಡಾ ಬರಲ್ಲ’ ಎಂದ. ಕಂಪನಿಯ ಲೆಕ್ಕಕ್ಕೆ ಸಿಗುವುದು ಕೊನೆಯ ಕಾಲಂ ಒಂದೇ.

‘ನಾನೇ ಎಲ್ಲ ಎಳೆದುಹಾಕ್ತೀನಿ’ ಎಂದಳು ರಬಾಬ್.

ದರ್ವೀಶ್ ಬಾಗಿಲಲ್ಲಿ ನಿಂತಿದ್ದ. ಒಳಗೆ ಬಂದು ಟೋಪಿ ತೆಗೆದ. ‘ನೀನು ಬೇಡ ಮಗಳೇ. ನಿನಗೆ ಇನ್ನೂ ಎಲ್ಲ ಮುಂದಿದೆ. ನೀರಿಗಿಳಿಸೋ ದಿನ ಒಂದು ಹಲಗೆ ಚಿಟ್ ಅಂದರೂ ಸಾಕು, ಹೆಣ್ಣಿನ ಕೈ ಅಂತಾರೆ. ಅವರ ಬಾಯಿ ನಾನು ಮುಚ್ಚೋಕಾಗಲ್ಲ.’

‘ಮತ್ತೆ ನೀವು ಎಳೀರಿ.’

‘ನನಗೆ ಏಳು ಮೊಮ್ಮಕ್ಕಳು. ಏನೋ ಇದ್ದಾವೆ ಪಾಪ.’ ದೃಷ್ಟಿ ತಾಗದಿರಲೆಂದು ಮೆಲ್ಲಗೆ ಮೇಜಿನ ಮರ ಮುಟ್ಟಿದ. ಆಮೇಲೆ ನನ್ನ ಕಡೆ ತಿರುಗಿದ. ‘ಹಿಲ್ಮಿ ಉಸ್ತಾದ್ ಮಾಡಲಿ. ಬೇಜಾರು ಮಾಡ್ಕೋಬೇಡಿ. ಯಾರಾದರೂ ಒಬ್ಬರು ಮುಗೀತು ಅನ್ನಲೇಬೇಕು ಅಂದರೆ, ಕಳಕೊಳ್ಳೋಕೆ ಏನೂ ಇಲ್ಲದವರು ಅನ್ನಲಿ. ಮಕ್ಕಳಿಲ್ಲ. ಇನಾಯತಮ್ಮ ಹೋದರು. ಹಲ್ಲೂ ಎಷ್ಟೋ ಹೋಗಿವೆ. ಕಣ್ಣು ಬಿದ್ದರೂ ಎಲ್ಲಿಗೆ ಅಂತ ಬೀಳಬೇಕು?’

ಚಹಾ ಬೇಕೇ ಎಂದು ಕೇಳುವ ದನಿಯಲ್ಲೇ ಹೇಳಿದ. ಕೆಟ್ಟ ಮನಸ್ಸಿಲ್ಲ. ನಾನೂ ನಕ್ಕೆ.

‘ಆಗಲಿ’ ಎಂದೆ. ‘ನಾಳೆ ಮಾಡ್ತೀನಿ.’

ಫೆಬ್ರವರಿ 28

ಹೋಗಲಿಲ್ಲ. ಮೊಣಕಾಲು ನೋವು ಎಂದು ಹೇಳಿಕಳಿಸಿದೆ.

ಮೊಣಕಾಲು ಸರಿಯಾಗಿದೆ.

ಮಾರ್ಚ್ 1

ಇಂದೂ ಮನೆಯಲ್ಲಿ. ಬಾಲ್ಕನಿಯಲ್ಲಿ ಕೂತು ಟ್ರಾಮ್ ನೋಡಿದೆ. ದರ್ವೀಶ್ ಹೇಳಿದ್ದು ಸರಿಯೇ ಎಂದು ಮೊದಲು ಅನ್ನಿಸಿತ್ತು. ಇನಾಯತ್ ಹೋದ ಮೇಲೆ ಕಣ್ಣು ಹಾಕುವಂಥದ್ದು ಈ ಮನೆಯಲ್ಲಿ ಏನೂ ಇಲ್ಲ. ಫ್ರಿಜ್ಜೂ ಹಳೆಯದು.

ಹಾಗಿದ್ದರೆ ಅಂಗಳಕ್ಕೆ ಹೋಗಿ ಆ ಕಾರ್ಡು ಎಳೆಯಲು ಯಾಕೆ ಹೆದರಿಕೆ? ಸಂಜೆವರೆಗೂ ಅದನ್ನೇ ಯೋಚಿಸಿದೆ. ಇತ್ತೀಚೆಗೆ ಬೆಳಿಗ್ಗೆ ಎದ್ದ ಕೂಡಲೇ ಶೇವ್ ಮಾಡಿಕೊಳ್ಳುತ್ತಿದ್ದೇನೆ. ಎರಡು ವರ್ಷ ಹಾಗಿರಲಿಲ್ಲ. ಹತ್ತು ಗಂಟೆಗೆ ಖಮೀಸ್ ಯಾರಿಗಾದರೂ ಏನಾದರೂ ಅನ್ನುತ್ತಾನೆ, ಅದನ್ನು ಕೇಳಬೇಕು ಎನ್ನಿಸುತ್ತದೆ. ರಬಾಬ್ ‘ಮಾವ, ಇದು ಯಾವ ಬಣ್ಣ?’ ಎಂದು ಕೇಳುತ್ತಾಳೆ. ಅವಳಿಗೆ ಗೊತ್ತಿರುತ್ತದೆ. ಆದರೂ ಕೇಳುತ್ತಾಳೆ.

ಮಧ್ಯಾಹ್ನ ಅವಳ ಫೋನು. ‘ಮಾವ, ಕಾಲು ಹೇಗಿದೆ? ನೀವು ಬರೋದು ಬೇಡ, ವಿಶ್ರಾಂತಿ ತಗೊಳ್ಳಿ. ನಾಳೆ ನಾನೇ ಮಾಡಿಬಿಡ್ತೀನಿ. ಇನ್ನು ಕಾಯೋಕಾಗಲ್ಲ.’

‘ಮುಟ್ಟಬೇಡ’ ಎಂದೆ. ಸ್ವಲ್ಪ ಜೋರಾಗಿಯೇ ಬಂತು.

ಮಾರ್ಚ್ 2

ಮಾಡಿದೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಕೂತೆ. ಒಂದೇ ಸಲಕ್ಕೆ ಎಲ್ಲ ಎಳೆಯುವ ಉಪಾಯ ಇದೆಯಂತೆ, ನನಗೆ ಬರುವುದಿಲ್ಲ. ಒಂದೊಂದಾಗಿ ಎಳೆದೆ. ಮೊದಲು ಕಂದು. ತಳದ ಮರ. ಪಕ್ಕೆಲುಬು. ಹಲಗೆ. ಪ್ರತಿ ಕಾರ್ಡು ಎಳೆಯುವ ಮೊದಲು ಕಿಟಕಿಯಿಂದ ನೋಡಿ, ಅದು ನಿಜವಾಗಿ ಆಗಿದೆಯೇ ಎಂದು ಖಾತ್ರಿ ಮಾಡಿಕೊಂಡೆ. ಖಮೀಸನ ಶುರುವಾಗದ ಒಂದು ಕಾರ್ಡನ್ನು ಹಿಂದಕ್ಕೆ ಹಾಕಿದೆ. ಹಳದಿ, ಕೆಂಪು, ಹಸಿರು. ಕೊನೆಗೆ ನನ್ನ ಬಿಳಿಯದು. ಅದನ್ನು ಎರಡು ಸಲ ಹಿಡಿದು ಬಿಟ್ಟೆ. ನಾಚಿಕೆ. ‘ನೀರಿಗಿಳಿಸುವುದು’ ಎಂಬ ಕಾರ್ಡನ್ನು ಎಡಗಡೆಯೇ ಬಿಟ್ಟೆ.

ತಲೆ ಎತ್ತಿದರೆ ಬಡಗಿಗಳೆಲ್ಲ ಕೆಲಸ ನಿಲ್ಲಿಸಿ ಕಿಟಕಿಯ ಕಡೆ ನೋಡುತ್ತಿದ್ದರು. ದರ್ವೀಶನ ತುಟಿ ಏನೋ ಜಪಿಸುತ್ತಿತ್ತು. ನನಗಾಗಿಯೋ ದೋಣಿಗಾಗಿಯೋ... ಕೇಳಲಿಲ್ಲ.

ಇಂಜಿನಿಯರ್ ಹೆಬ್ಬೆರಳ ಚಿತ್ರ ಕಳಿಸಿದ್ದಾನೆ. ನೀರಿಗಿಳಿಸುವ ದಿನ ಖುದ್ದಾಗಿ ಬರುತ್ತಾನಂತೆ.

ಮಾರ್ಚ್ 5

ಎಲ್ಲರೂ ನನ್ನ ಬಗ್ಗೆ ವಿಪರೀತ ಕಾಳಜಿ ತೋರಿಸುತ್ತಿದ್ದಾರೆ. ಏಣಿಯ ಕೆಳಗೆ ಹೋದರೆ ಕೈಹಿಡಿದು ಆಚೆ ತರುತ್ತಾರೆ. ‘ಉಸ್ತಾದ್, ಬಿಸಿ ಚಹಾ, ನಿಧಾನ’ ಎನ್ನುತ್ತಾರೆ. ಖಮೀಸ್ ನನ್ನನ್ನು ಟ್ರಾಮ್ ನಿಲ್ದಾಣದವರೆಗೆ ಬಿಟ್ಟುಬಂದ. ರಸ್ತೆ ದಾಟುವಾಗ ನನ್ನ ತೋಳಲ್ಲಿ ತೋಳು.

‘ನಾನು ಸತ್ತರೆ ನಿನಗೇನೋ?’

‘ನೀವು ಸತ್ತರೆ ಆ ಕಾರ್ಡೆಲ್ಲ ವಾಪಸ್ ಯಾರು ಎಳೀತಾರೆ?’

ಮಾರ್ಚ್ 18

ಪ್ರತಿ ಮಾರ್ಚಿನಲ್ಲಿ ಬರುವ ಹುಸೂಮ್ ಬಿರುಗಾಳಿ ಬೀಸಿ ಹೋಗುವವರೆಗೆ ಯಾರೂ ಏನೂ ಮಾಡುವಂತಿರಲಿಲ್ಲ. ಇಂದು ಸಮುದ್ರ ತಟ್ಟೆಯ ಹಾಗೆ.

ಇಳಿಸಿದೆವು. ಕುರಿ ಕಡಿದು ಮಾಂಸ ಬೀದಿಗೆಲ್ಲ ಹಂಚಿದರು. ಹಲಗೆಗೆ ಕೊಬ್ಬು ಬಳಿದು, ಹಗ್ಗ ಹಿಡಿದು, ಇಡೀ ಸಾಲಿನ ಗಂಡಸರು ಸೇರಿ ನೂಕಿದರು. ನನ್ನನ್ನು ದೂರ ಕುರ್ಚಿಯಲ್ಲಿ ಕೂರಿಸಿದ್ದರು. ದೋಣಿ ಜಾರಿ ನೀರಿಗೆ ಬಿದ್ದು, ತೂಗಾಡಿ, ನೆಟ್ಟಗೆ ನಿಂತಿತು. ಯಾವ ಹಲಗೆಯೂ ಚಿಟ್ ಎನ್ನಲಿಲ್ಲ. ಉಸಿರು ಬಿಟ್ಟೆ.

ಆಗ ಇಂಜಿನಿಯರ್ ನಬೀಹ್ ಹತ್ತಿ ಒಳಗೆ ಬಗ್ಗಿ ನೋಡಿದ. ಒಳ್ಳೆಯ ಬೂಟು ಹಾಕಿದ್ದ. ದೋಣಿಯ ಹೊಟ್ಟೆಯಲ್ಲಿ ನೀರು. ಸಂದಿಗಳಿಂದ ಸಣ್ಣಗೆ ಒಸರುತ್ತಿತ್ತು. ಅವನು ಫೋನ್ ತೆಗೆದು ಪರದೆ ನೋಡಿದ, ಮತ್ತೆ ನೀರು ನೋಡಿದ.

‘ಇದು ಸೋರ್ತಿದೆ. ಸೋರೋದನ್ನ ಮುಗಿದಿದೆ ಅಂತ ಹೇಗೆ ಹಾಕಿದ್ರಿ? ಯಾರು ಹಾಕಿದ್ದು?’

ಎಲ್ಲರ ಕಣ್ಣೂ ನನ್ನ ಕುರ್ಚಿಯ ಕಡೆ. ಸಾಮೆಹ್ ಕೂಡ ಬಂದಿದ್ದ, ಅಂದವಾದ ಜಾಕೆಟ್. ಫೈಬರ್ ಸೋರುವುದಿಲ್ಲ ಎಂದು ಅವನ ಮುಖವೇ ಹೇಳುತ್ತಿತ್ತು.

ದರ್ವೀಶ್ ಬಾಯಿ ತೆರೆದ. ಹಾಜಿ ಅವನ ಮಣಿಕಟ್ಟು ಹಿಡಿದದ್ದನ್ನು ನಾನು ನೋಡಿದೆ. ಬೇಡ, ಅವಳೇ ಹೇಳಲಿ ಎನ್ನುವ ಹಾಗೆ.

ರಬಾಬ್ ದಡದಿಂದಲೇ ಹೇಳಿದಳು. ದನಿ ಏರಿಸಲಿಲ್ಲ. ‘ನಾನು ಹಾಕಿಸಿದ್ದು ಸರ್. ಒಣಗಿದ ಮರ, ಬಾಯಾರಿದೆ. ಕುಡೀತಿದೆ. ಕುಡಿದು ಉಬ್ಬಿದರೆ ಸಂದಿ ತಾನೇ ಮುಚ್ಚಿಕೊಳ್ಳತ್ತೆ. ಈಗಲೇ ಬೇಕು ಅಂದರೆ ತಗೊಂಡು ಹೋಗಿ. ಮತ್ರೂಹ್‌ನಲ್ಲಿ ಕುಡಿಯತ್ತೆ, ನಿಮ್ಮ ಅತಿಥಿಗಳನ್ನ ಕೂರಿಸ್ಕೊಂಡು. ಇಲ್ಲ, ಎರಡು ದಿನ ಇಲ್ಲೇ ಬಿಡಿ.’

‘ಎರಡು ದಿನ ಆದಮೇಲೂ ಒಳಗೆ ಬಂದರೆ?’

‘ಎಲ್ಲ ಕಾರ್ಡೂ ನಾನೇ ಹಿಂದಕ್ಕೆ ಹಾಕ್ತೀನಿ. ನೀವು ಹೇಳೋದೇ ಬೇಡ.’

ಅವನು ಸ್ವಲ್ಪ ಹೊತ್ತು ತನ್ನ ಬೂಟು ನೋಡಿಕೊಂಡ. ಒದ್ದೆಯಾಗಿದ್ದವು. ‘ಊಟಕ್ಕೆ ಏನಿದೆ?’ ಎಂದ.

ಕುರಿ ಇತ್ತು.

ಮಾರ್ಚ್ 20, ದೋಣಿಯೊಳಗೆ, ಸಂಜೆಗೆ ಮುಂಚೆ

ಇಲ್ಲೇ ಕೂತು ಬರೆಯುತ್ತಿದ್ದೇನೆ, ಮೊಣಕಾಲಿನ ಮೇಲೆ ಪುಸ್ತಕ. ನಿನ್ನೆ ಇಡೀ ದಿನ ಪಂಪು ಓಡಿತು. ಇಂದು ಬೆಳಿಗ್ಗೆ ದರ್ವೀಶ್ ಒಳಗಿನ ಹಲಗೆಗೆ ಸೀಮೆಸುಣ್ಣದ ಗೆರೆ ಎಳೆದು, ಪಂಪು ನಿಲ್ಲಿಸಿದ. ನನ್ನನ್ನು ಕಾವಲಿಗೆ ಕೂರಿಸಿದ್ದಾರೆ. ನೀರು ಗೆರೆ ಮುಟ್ಟಿದರೆ ಕೂಗಬೇಕು.

ಕೂಗಿಲ್ಲ.

ಸ್ವಲ್ಪ ಹೊತ್ತಿನ ಕೆಳಗೆ ಮರದ ಮಂಡಿಯವನು ಬಂದಿದ್ದ. ಹಿಪ್ಪುನೇರಳೆ ದಿಮ್ಮಿ ಯಾವಾಗ ಇಳಿಸಲಿ, ಎಲ್ಲಿ ಇಳಿಸಲಿ ಎಂದು ಹಾಜಿಯನ್ನು ಕೇಳಿದ. ನಲವತ್ತು ವರ್ಷದಿಂದ ಅವನು ಹಾಜಿಯನ್ನೇ ಕೇಳುವುದು. ಹಾಜಿ ದಡದಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂತಿದ್ದ. ತಿರುಗಲೂ ಇಲ್ಲ.

‘ರಬಾಬಳನ್ನ ಕೇಳು’ ಎಂದ.

ಮಂಡಿಯವನಿಗೆ ಅರ್ಥವಾಗಲಿಲ್ಲ. ‘ಸಾಮೆಹ್ ಅಲ್ವಾ?’

‘ನಿನ್ನ ಕಿವಿಗೆ ಏನಾಗಿದೆ? ಅಂಗಳ ಯಾರದೋ ಅವರನ್ನ ಕೇಳು.’

ಅವಳು ಕೇಳಿಸಿಕೊಂಡಳೋ ಇಲ್ಲವೋ. ಕಚೇರಿಯ ಕಿಟಕಿಯಲ್ಲಿ ಅವಳ ತಲೆ ಮಾತ್ರ ಕಾಣುತ್ತಿತ್ತು, ಬಗ್ಗಿತ್ತು. ಆಮೇಲೆ ಮಂಡಿಯವನಿಗೆ ದಿಮ್ಮಿ ಎಲ್ಲಿ ಇಳಿಸಬೇಕೆಂದು ಕೈಮಾಡಿ ತೋರಿಸಿದಳು.

ದರ್ವೀಶ್ ಹಲಗೆಯ ಮೇಲೆ ನಡೆದು ನನ್ನ ಹತ್ತಿರ ಬಂದು ಕೂತ. ಗೆರೆ ನೋಡಿದ, ಬೆರಳಿಂದ ಸಂದಿ ಒರೆಸಿ ನೋಡಿದ. ಒಣಗಿತ್ತು. ಹೇಳಲಿಲ್ಲ.

‘ಉಸ್ತಾದ್, ನಿಮಗೇನೂ ಆಗಲಿಲ್ಲ ತಾನೇ? ಆವತ್ತಿಂದ?’

‘ಏನಾಗಬೇಕು? ನನ್ನ ಹತ್ರ ಏನೂ ಇಲ್ಲ ಅಂತ ನೀನೇ ಅಂದೆಯಲ್ಲ.’

‘ಅಂದೆ.’ ಸಿಗರೇಟು ಹಚ್ಚಿದ. ‘ಆಮೇಲೆ ಮನೆಯವಳು ಬೈದಳು. ಹಾಗೆ ಯಾರಿಗೂ ಹೇಳಬಾರದಂತೆ.’

‘ಸರಿಯಾಗೇ ಬೈದಿದ್ದಾಳೆ.’

‘ಹಾಗಾದರೆ ಇದೆಯಾ ಏನಾದರೂ?’

ಅವನ ಕಡೆ ನೋಡಿದೆ. ದಡದಲ್ಲಿ ಖಮೀಸ್ ಯಾರನ್ನೋ ಗೇಲಿ ಮಾಡುತ್ತಿದ್ದ. ‘ಏನೋ... ನಡೀತಿದೆ’ ಎಂದೆ.

ದರ್ವೀಶ್ ತಲೆಯಾಡಿಸಿ ಎದ್ದು ಹೋದ.

ಅವನಿಗೆ ಹೇಳದ್ದನ್ನು ಇಲ್ಲಿ ಬರೆಯೋಣ ಎಂದುಕೊಂಡೆ. ಯಾರೂ ಓದದ ಪುಸ್ತಕ, ಬರೆದರೆ ಏನಾಗುತ್ತದೆ. ಬೆಳಗಾದರೆ ಹೋಗಲು ಒಂದು ಜಾಗ, ಅಲ್ಲಿ ನನಗೊಂದು—

ಬೇಡ. ಬರೆಯುವುದೂ ಹೇಳಿದ ಹಾಗೆಯೇ.

ಗೆರೆಯ ಕೆಳಗೆ ನೀರು ಹಾಗೇ ಇದೆ. ಇದೆ ಎಂದುಕೊಂಡಿದ್ದೇನೆ. ಬೆಳಕು ಹೋಗುತ್ತಿದೆ, ಸೀಮೆಸುಣ್ಣವೂ ನೀರೂ ಒಂದೇ ಬಣ್ಣ ಆಗುತ್ತಿವೆ, ದೀಪ ತರಲು ರಬಾಬಳನ್ನು ಕೂಗಬೇಕು. ಈ ಪುಟವನ್ನೂ ಮುಗಿಸುವುದು ಬೇಡ, ಅರ್ಧಕ್ಕೇ—